ನಾಲ್ಕಡಿ ಮುಂದೆ, ನಾಲ್ಕಡಿ ಹಿಂದೆ

ಕಾರಿಗೆ ಮೂವತ್ತು ವರ್ಷ ತುಂಬಿದ ದಿನ ಉಗ್ರಾಣಿ ಬೆಳಕು ಹರಿಯುವ ಮೊದಲೇ ಎದ್ದು ಅದಕ್ಕೆ ಸ್ನಾನ ಮಾಡಿಸಿದ. ತಾನು ಸ್ನಾನ ಮಾಡಿ ಮೂರು ದಿನವಾಗಿತ್ತು, ಅದು ಬೇರೆ ಮಾತು. ಕಾರಿಗೆ ಮಾತ್ರ ಉಗುರುಬೆಚ್ಚಗಿನ ನೀರು, ಮಕ್ಕಳ ಸೋಪು, ಒಗೆದು ಒಗೆದು ಮೆತ್ತಗಾದ ಬಟ್ಟೆ. ಚಕ್ರದ ಸಂದುಗಳಿಗೆ ಹಲ್ಲುಜ್ಜುವ ಬ್ರಶ್ಶು, ಡ್ಯಾಶ್‌ಬೋರ್ಡಿನ ಗೆರೆಗಳಿಗೆ ಕಿವಿಗೆ ಹಾಕಿಕೊಳ್ಳುವ ಹತ್ತಿಕಡ್ಡಿ. ಎಲ್ಲ ಮುಗಿಯಿತು ಅನ್ನುವಾಗ ಮುಂದಿನ ದೀಪದ ಸುತ್ತಲಿನ ಹೊಳೆಯುವ ಬಳೆಯ ಮೇಲೆ ಎಂಥದೋ ಚುಕ್ಕೆ ಕಂಡಿತು. ಉಗ್ರಾಣಿ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಎಂಜಲು ಹಚ್ಚಿ, ಗಸಗಸ ಉಜ್ಜಿದ. ಆಮೇಲೆ ಅದೇ ಬೆರಳನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

ಮೆಟ್ಟಿಲ ಮೇಲೆ ನಿಂತಿದ್ದ ಅವನ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆ ಮನುಷ್ಯ ಇನ್ನೂ ಬಾಯಿ ಸಹ ಮುಕ್ಕಳಿಸಿರಲಿಲ್ಲ.

ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು. ಗಂಡ ಕೊಳಾಯಿ ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತೈದು ವರ್ಷ ನಟ್ಟು ಬೋಲ್ಟು ಕಾದವನಾದ್ದರಿಂದ ಅವನು ಉಗ್ರಾಣಿ. ನಿವೃತ್ತಿಯಾದರೂ ಹೆಸರು ಹೋಗಲಿಲ್ಲ, ಬುದ್ಧಿಯಂತೂ ಮೊದಲೇ ಹೋಗುವಂಥದ್ದಲ್ಲ. ಯಾರಾದರೂ ಒಂದು ವಾಷರು ಕೇಳಿದರೆ ತನ್ನ ಹಲ್ಲು ಕಿತ್ತು ಕೊಡುವ ಹಾಗೆ ಮುಖ ಮಾಡುತ್ತಿದ್ದನಂತೆ. ಕೊಟ್ಟ ಮಾಲು ಹಾಳಾಗುತ್ತದೆ, ಇಟ್ಟ ಮಾಲು ಉಳಿಯುತ್ತದೆ. ‘ಮುಟ್ಟದ ಮಾಲಿಗೆ ಮುಪ್ಪಿಲ್ಲ’ ಎನ್ನುವುದು ಅವನೇ ಹುಟ್ಟಿಸಿದ ಗಾದೆ, ಅದನ್ನು ಹೇಳುತ್ತಿದ್ದವನೂ ಅವನೊಬ್ಬನೇ.

ಕಾರು ಬಂದಾಗ ಮಗಳು ತೊಟ್ಟಿಲಲ್ಲಿದ್ದಳು. ಆ ಮಾದರಿಯನ್ನು ಇನ್ನು ಮುಂದೆ ತಯಾರಿಸುವುದಿಲ್ಲ ಎಂದು ಕಂಪನಿಯವರು ಸಾರಿದ್ದರು. ಬುದ್ಧಿ ಇದ್ದವರು ಬೇರೆ ಕಾರು ನೋಡಿಕೊಂಡರು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ, ಉಗ್ರಾಣಿ ಹೋಗಿ ಕೊನೆಯ ಖೇಪಿನ ಬೆಣ್ಣೆ ಬಣ್ಣದ ಕಾರನ್ನು ಮನೆಗೆ ತಂದ.

“ಇನ್ಮೇಲೆ ಈ ಜಾತಿ ಹುಟ್ಟೋದಿಲ್ಲ ಕಣೇ. ಇರೋವೆಲ್ಲ ಒಂದೊಂದಾಗಿ ಗುಜರಿಗೆ ಹೋಗ್ತವೆ. ಕೊನೆಗೆ ಉಳಿಯೋದು ನಮ್ಮದೊಂದೇ. ಮೂವತ್ತು ವರ್ಷ ಆಗ್ಲಿ, ಕ್ಲಾಸಿಕ್ ಅಂತಾರೆ, ಜನ ಬಾಗಿಲಲ್ಲಿ ಕ್ಯೂ ನಿಲ್ತಾರೆ, ನೋಡ್ತಿರು,” ಎಂದಿದ್ದ.

“ಅಲ್ಲೀವರೆಗೆ?” ಎಂದು ಅವಳು ಕೇಳಿದ್ದಳು.

“ಅಲ್ಲೀವರೆಗೆ ಜೋಪಾನ.”

ಜೋಪಾನ ಮಾಡಲು ಅವನು ಆರಿಸಿಕೊಂಡ ಜಾಗ ಮನೆಯ ಮುಂದಿನ ಕೋಣೆ. ಆ ಕೋಣೆಗೆ ಬೀದಿಗೇ ಬಾಗಿಲಿತ್ತು, ದೊಡ್ಡ ಕಿಟಕಿಯಿತ್ತು. ಮನೆ ಕಟ್ಟುವಾಗ ಅದು ಅವಳ ಹೊಲಿಗೆಗೆಂದೇ ಆದ ಕೋಣೆ. ಕಿಟಕಿ ಎಷ್ಟೆತ್ತರ ಇರಬೇಕು, ಮಶೀನಿನ ಮೇಲೆ ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ಅವಳ ತಾಯಿ ಮೇಸ್ತ್ರಿಯ ಹತ್ತಿರ ನಿಂತು ಹೇಳಿ ಮಾಡಿಸಿದ್ದಳು. ತಾಯಿಯೂ ಹೊಲಿಗೆಯವಳೇ, ಮಗಳಿಗೆ ಕೆಲಸ ಕಲಿಸಿದವಳೂ ಅವಳೇ. ಕಾರು ಬಂದ ವಾರದಲ್ಲಿ ಕಿಟಕಿಯೂ ಬಾಗಿಲೂ ಒಂದಾಗಿ ಕಬ್ಬಿಣದ ಶಟರ್ ಆಯಿತು. ಮಶೀನು ಮೇಲಿನ ಸಣ್ಣ ಕೋಣೆಗೆ ಹತ್ತಿತು. “ಒಂದೆರಡು ವರ್ಷ ಅಷ್ಟೇ, ಆಮೇಲೆ ಹಿಂದೆ ಶೆಡ್ ಹಾಕ್ಸೋಣ,” ಎಂದಿದ್ದ ಉಗ್ರಾಣಿ. ಹಿಂದಿನ ಜಾಗದಲ್ಲಿ ಈಗಲೂ ಬಟ್ಟೆ ಒಣಗುತ್ತಿದೆ.

ಕಾರು ಓಡುತ್ತಿತ್ತೇ ಎಂದು ಕೇಳಿದರೆ, ಓಡುತ್ತಿತ್ತು. ವಾರಕ್ಕೊಮ್ಮೆ, ರಜೆಯ ಬೆಳಿಗ್ಗೆ, ನಾಲ್ಕಡಿ ಮುಂದೆ, ನಾಲ್ಕಡಿ ಹಿಂದೆ. ಕೋಣೆಯ ಉದ್ದ ಅಷ್ಟೇ ಬಿಡುತ್ತಿತ್ತು. ಒಂದೇ ಕಡೆ ನಿಂತರೆ ಟೈರು ಚಪ್ಪಟೆಯಾಗುತ್ತದಂತೆ, ಎಣ್ಣೆ ಹೆಪ್ಪುಗಟ್ಟುತ್ತದಂತೆ. ಹತ್ತು ನಿಮಿಷ ಎಂಜಿನ್ ಗುರುಗುಟ್ಟಿಸಿ, ಮುಂದೆ ಹೋಗಿ, ಹಿಂದೆ ಬಂದು, ಬಾಗಿಲನ್ನು ತೊಟ್ಟಿಲ ಮಗು ಎದ್ದೀತೋ ಎಂಬಂತೆ ಮೆಲ್ಲಗೆ ಹಾಕಿ, ಇಳಿಯುತ್ತಿದ್ದ. ಹೊಗೆ ಮೆಟ್ಟಿಲ ದಾರಿ ಹಿಡಿದು ನೇರ ಅವಳ ಕೋಣೆಗೆ ಬರುತ್ತಿತ್ತು. ಒಮ್ಮೆ ಮದುವೆಯ ಹುಡುಗಿಯೊಬ್ಬಳು ಬಿಳಿ ಗೌನನ್ನು ಮೂಗಿಗೆ ಹಿಡಿದು, “ಟೈಲರಮ್ಮಾ, ಇದೇನು ಪೆಟ್ರೋಲ್ ಬಂಕಿನ ವಾಸನೆ?” ಎಂದು ಕೇಳಿದಳು. ಟೈಲರಮ್ಮ ಅದನ್ನು ಎರಡು ದಿನ ಗಾಳಿಗೆ ಹಾಕಿ, ಮತ್ತೆ ಇಸ್ತ್ರಿ ಮಾಡಿಕೊಟ್ಟಳು. ನಾಚಿಕೆಯಿಂದ ಕೂಲಿ ಕೇಳಲು ಬಾಯಿ ಬರಲಿಲ್ಲ.

ಸೀಟುಗಳ ಮೇಲಿನ ಪ್ಲಾಸ್ಟಿಕ್ಕು ಕಂಪನಿಯಿಂದ ಬಂದದ್ದು ಹಾಗೇ ಇತ್ತು. ಹಳದಿಗಟ್ಟಿ, ಅಂಟುಅಂಟಾಗಿ, ಮುಟ್ಟಿದರೆ ಕಾಯಿಲೆಯವರ ಬೆನ್ನು ಮುಟ್ಟಿದಂತಿತ್ತು. ಒಳಗೆ ಎಲ್ಲೆಲ್ಲೂ ನುಸಿಗುಳಿಗೆ. ಒಂದು ವರ್ಷ ಹಿಂದಿನ ಸೀಟಿನೊಳಗೆ ಇಲಿ ಮರಿ ಹಾಕಿ ಸತ್ತು, ಇಡೀ ಮನೆ ಹೆಣದ ಮನೆಯಾಯಿತು. ಉಗ್ರಾಣಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮರಿಗಳನ್ನು ಚಿಮುಟದಿಂದ ಒಂದೊಂದಾಗಿ ಎತ್ತಿದ, ಆದರೆ ಪ್ಲಾಸ್ಟಿಕ್ ಹರಿಯಲು ಮಾತ್ರ ಒಪ್ಪಲಿಲ್ಲ. “ಒರಿಜಿನಲ್ಲು ಕಣೇ!” ಎಂದ. ಆ ಚಿಮುಟವನ್ನು ತೊಳೆದು ಮತ್ತೆ ಅಡುಗೆಮನೆಯಲ್ಲಿ ತಂದಿಟ್ಟಿದ್ದನ್ನು ನೋಡಿ ಟೈಲರಮ್ಮ ಅದನ್ನು ಬೀದಿಗೆ ಎಸೆದಳು.

ಅಕ್ಕಪಕ್ಕದ ಹೆಂಗಸರು ಕಾರನ್ನು ಅವಳ ಸವತಿ ಎಂದು ತಮಾಷೆ ಮಾಡುತ್ತಿದ್ದರು. ಅವಳು ನಗುತ್ತಿರಲಿಲ್ಲ. ಸವತಿಯಾದರೆ ಒಂದು ಜಗಳವಾದರೂ ಆಡಬಹುದು.

ಈಗ ಅವಳಿಗೆ ಐವತ್ತೆಂಟು. ಎರಡೂ ಮೊಣಕಾಲು ಸವೆದಿದ್ದವು. “ಮೆಟ್ಟಿಲು ಬಿಡಿ, ಇಲ್ಲಾಂದ್ರೆ ಹೊಲಿಗೆ ಬಿಡಿ, ಎರಡೂ ಒಟ್ಟಿಗೆ ಆಗಲ್ಲ,” ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಗಿರಾಕಿಗಳಿಗೂ ವಯಸ್ಸಾಗಿತ್ತು. ಎಷ್ಟೋ ಜನ ಬೀದಿಯಲ್ಲೇ ನಿಂತು ಕೂಗಿ, ಹಗ್ಗಕ್ಕೆ ಚೀಲ ಕಟ್ಟಿ ಕಳಿಸುತ್ತಿದ್ದರು. ಚೀಲದಲ್ಲಿ ಬಟ್ಟೆ ಮೇಲೆ ಬರುತ್ತದೆ, ಆದರೆ ಅಳತೆ ಬರುವುದಿಲ್ಲವಲ್ಲ. ಅಳತೆಗೆ ಮೈ ಬೇಕು. ಹೀಗಾಗಿ ಒಬ್ಬೊಬ್ಬರಾಗಿ ಮೂಲೆಯ ಸಿದ್ಧ ಉಡುಪಿನ ಅಂಗಡಿಗೆ ತಿರುಗಿಕೊಳ್ಳುತ್ತಿದ್ದರು. ಕೆಳಗಿನ ಕೋಣೆ ಸಿಕ್ಕರೆ ಇನ್ನು ಹತ್ತು ವರ್ಷ ಹೊಲಿಯಬಲ್ಲೆ, ಸಿಗದಿದ್ದರೆ ಈ ವರ್ಷವೇ ಮಶೀನಿಗೆ ಹೊದಿಕೆ ಹಾಕಬೇಕು, ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊಲಿಗೆ ಬಿಟ್ಟು ಆ ಮನೆಯಲ್ಲಿ ಅವಳು ಮಾಡುವುದಾದರೂ ಏನು? ಉಗ್ರಾಣಿಯ ಮುಖ ನೋಡುತ್ತಾ ಕೂರುವುದೇ?

ಅದಕ್ಕೇ ಈ ದಿನಕ್ಕಾಗಿ ಗಂಡನಿಗಿಂತ ಹೆಚ್ಚು ಕಾದವಳು ಅವಳು. ಹಳೇ ಕಾರುಗಳ ಸಂಘದಿಂದ ಪರೀಕ್ಷಕ ಬರುವವನಿದ್ದ. ಅವನು ಕ್ಲಾಸಿಕ್ ಎಂದು ಪ್ರಮಾಣಪತ್ರ ಕೊಟ್ಟರೆ ಕಾರನ್ನು ಕೊಂಡು ತಮ್ಮ ಸಂಗ್ರಹಾಲಯದಲ್ಲಿ ನಿಲ್ಲಿಸಲು ಒಬ್ಬರು ಸಿದ್ಧರಿದ್ದರು. ಗಾಜಿನ ಗೋಡೆ, ಕೆಂಪು ನೆಲಹಾಸು, ಮೇಲೊಂದು ದೀಪ, ಉಗ್ರಾಣಿಯ ಹೆಸರಿನ ಫಲಕ. ಪ್ರಮಾಣಪತ್ರ ಬರದಿದ್ದರೆ ಅವರಿಗೆ ಬೇಡ, ಉಗ್ರಾಣಿಗೆ ಬೇರೆ ಯಾರಿಗೂ ಕೊಡುವ ಮನಸ್ಸೂ ಇಲ್ಲ.

“ಸರ್ಟಿಫಿಕೇಟ್ ಬಂದ ದಿನ ಕೋಣೆ ನಿಂದು. ಮಾತು ಅಂದ್ರೆ ಮಾತು,” ಎಂದಿದ್ದ.

ಪರೀಕ್ಷಕ ಹೇಳಿದ ಸಮಯಕ್ಕೇ ಬಂದ. ಇಸ್ತ್ರಿ ಮಾಡಿದ ಅಂಗಿಯ ತೆಳ್ಳನೆಯ ಮನುಷ್ಯ, ಒಂದು ಜೇಬಿನಲ್ಲಿ ಟಾರ್ಚು, ಇನ್ನೊಂದರಲ್ಲಿ ಅಯಸ್ಕಾಂತ. ಮಗಳೂ ಬಂದಿದ್ದಳು. ಅವಳು ಶಾಲೆಯ ವ್ಯಾನ್ ಓಡಿಸುವವಳು, ಎರಡು ಬೀದಿ ಆಚೆ ಬೇರೆ ಮನೆ ಮಾಡಿಕೊಂಡಿದ್ದಳು. ಅಂದು ಶಾಲೆಗೆ ರಜೆ. ಅಪ್ಪನ ಮನೆಯಲ್ಲಿ ಕಾರಿದ್ದೂ ಮಗಳು ಡ್ರೈವಿಂಗ್ ಕಲಿತದ್ದು ಹಾಲಿನ ವ್ಯಾನಿನವನ ಹತ್ತಿರ. ಅದನ್ನು ಅವಳು ಬೇಕೆಂದೇ ಪರೀಕ್ಷಕನಿಗೆ ಹೇಳಿದಳು.

“ಏಯ್, ಸುಮ್ನಿರು ನೀನು,” ಎಂದ ಉಗ್ರಾಣಿ.

ಪರೀಕ್ಷಕ ಕೆಲಸ ಬಲ್ಲವನು. ಅಯಸ್ಕಾಂತವನ್ನು ತಗಡಿನ ಮೇಲೆ ಅಂಗುಲ ಅಂಗುಲವಾಗಿ ಇಟ್ಟು ನೋಡಿದ, ಎಲ್ಲಾದರೂ ಮೇಣ ಮೆತ್ತಿ ಬಣ್ಣ ಬಳಿದಿದ್ದರೆ ಅದು ಜಾರುತ್ತದಂತೆ. ಎಲ್ಲೂ ಜಾರಲಿಲ್ಲ. ಹಾಳೆ ಹಾಸಿಕೊಂಡು ಕಾರಿನ ಕೆಳಗೆ ತೂರಿದ, ಬೆರಳಿನಿಂದ ತಟ್ಟಿದ, ಮೂಸಿದ. ಎಂಜಿನ್ ಹಚ್ಚಿಸಿ ಕಣ್ಣು ಮುಚ್ಚಿ ಕೇಳಿದ. ಉಗ್ರಾಣಿ ಅವನ ಹಿಂದೆ ಹಿಂದೆಯೇ, ಹೆರಿಗೆ ಕೋಣೆಯ ಹೊರಗಿನ ಗಂಡನ ಹಾಗೆ, ಕೈ ಹಿಸುಕಿಕೊಳ್ಳುತ್ತಾ ಸುತ್ತಿದ. ನಿಜವಾಗಿ ಹೆರಿಗೆಯಾದ ದಿನ ಅವನು ಉಗ್ರಾಣದಲ್ಲಿ ವಾಷರು ಎಣಿಸುತ್ತಿದ್ದ.

ಕೊನೆಗೆ ಪರೀಕ್ಷಕ ಕಾರಿನೊಳಗೆ ಬಗ್ಗಿ ಮೀಟರು ನೋಡಿದ. “ಮೂವತ್ತು ವರ್ಷಕ್ಕೆ ನಾನೂರ ಹನ್ನೆರಡು ಕಿಲೋಮೀಟರಾ?”

“ಒಂದೂ ಹೆಚ್ಚಿಲ್ಲ ಸಾರ್!” ಉಗ್ರಾಣಿಯ ಎದೆ ಉಬ್ಬಿತು. “ಶೋರೂಮಿಂದ ಮನೆಗೆ, ಮನೆಯಿಂದ ಸರ್ವೀಸಿಗೆ. ಬೇರೆ ಎಲ್ಲೂ ಇಲ್ಲ. ಕೂತವರೂ ಇಲ್ಲ. ಹಿಂದಿನ ಸೀಟಲ್ಲಿ ಇವತ್ತಿನವರೆಗೂ ಒಂದು ನರಪಿಳ್ಳೆ ಕೂತಿಲ್ಲ ಸಾರ್, ಬೇಕಾದ್ರೆ ಆಣೆ ಮಾಡ್ತೀನಿ.”

ಪರೀಕ್ಷಕ ಕೈ ಒರೆಸಿಕೊಂಡ. ಅವನ ಮುಖದಲ್ಲಿ ಉಗ್ರಾಣಿ ನಿರೀಕ್ಷಿಸಿದ್ದ ಬೆರಗು ಇರಲಿಲ್ಲ.

“ಕಾರು ಚೆನ್ನಾಗಿದೆ ಸಾರ್, ತುಂಬಾ ಚೆನ್ನಾಗಿದೆ. ಆದ್ರೆ ಒಂದು ತೊಂದ್ರೆ ಇದೆ. ನಮ್ಮಲ್ಲಿ ಎಂಬತ್ತು ಮಾರ್ಕ್ಸ್ ಬಂದ್ರೆ ಸರ್ಟಿಫಿಕೇಟು. ನಿಮ್ಮದು ಎಪ್ಪತ್ತೈದಕ್ಕೆ ನಿಂತಿದೆ. ಉಳಿದ ಹತ್ತು ಮಾರ್ಕ್ಸು ಕಾರಿನ ಕಥೆಗೆ.”

“ಕಥೆನಾ?”

“ಹೌದು. ಈ ಕಾರು ಯಾರನ್ನ ಎಲ್ಲಿಗೆ ಕರ್ಕೊಂಡು ಹೋಯ್ತು, ಮನೆಯವರಿಗೆ ಏನಾಗಿತ್ತು, ಇದ್ರಲ್ಲಿ ಯಾರು ಹುಟ್ಟಿದ್ರು, ಯಾರು ಓಡಿಹೋಗಿ ಮದುವೆ ಆದ್ರು, ಇಂಥದ್ದು. ಜನ ಸಂಗ್ರಹಾಲಯಕ್ಕೆ ಬರೋದು ತಗಡು ನೋಡೋಕಲ್ಲ ಸಾರ್. ಜನರ ಬದುಕಿನಲ್ಲಿ ಸೇರ್ಕೊಂಡಿದ್ರೆ ಕ್ಲಾಸಿಕ್ಕು. ಇಲ್ದಿದ್ರೆ ಏನು? ಹಳೇ ಸ್ಟಾಕು.”

ಮಗಳು ಗೋಡೆಯ ಕಡೆ ತಿರುಗಿ ಕೆಮ್ಮಿದಳು. ಅದು ಕೆಮ್ಮಲ್ಲ, ನಗು.

ಉಗ್ರಾಣಿಯ ಮುಖ ಇಳಿದುಹೋಯಿತು. ಹಳೇ ಸ್ಟಾಕು ಎಂದರೆ ಏನೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ವರ್ಷದ ಕೊನೆಗೆ ಉಗ್ರಾಣದ ಮೂಲೆಯಿಂದ ಗುಡಿಸಿ ಗುಜರಿಗೆ ತೂಗಿ ಹಾಕುತ್ತಿದ್ದದ್ದು ಅದನ್ನೇ. ಒಂದು ಗಳಿಗೆ ಟೈಲರಮ್ಮನಿಗೂ ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಎಷ್ಟೆಂದರೂ ಮೂವತ್ತು ವರ್ಷ. ಜೊತೆಗೆ ಅವಳ ಕೋಣೆಯೂ ಕಣ್ಣೆದುರಿಗೇ ಕೈತಪ್ಪುತ್ತಿತ್ತು. ಐದೇ ಐದು ಮಾರ್ಕಿಗೆ.

ಆಗ ಉಗ್ರಾಣಿ ಗಂಟಲು ಸರಿಮಾಡಿಕೊಂಡ.

“ಒಂದು ಕಥೆ ಇದೆ ಸಾರ್. ಮನೆ ವಿಷಯ ಅಂತ ಹೇಳಿರ್ಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನಮ್ಮತ್ತೆಗೆ ಹೊಲೀತಾ ಕೂತಿದ್ದ ಹಾಗೇ ಲಕ್ವ ಹೊಡೀತು.”

ಟೈಲರಮ್ಮ ಹಿಡಿದುಕೊಂಡಿದ್ದ ಮೆಟ್ಟಿಲ ಕಂಬಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

“ಮಧ್ಯಾಹ್ನದ ಹೊತ್ತು. ಇವಳು ಅಳ್ತಾ ಓಡಿಬಂದ್ಳು. ಅವತ್ತು ನೋಡಿ ಸಾರ್, ನಮ್ಮ ಗ್ರಹಚಾರ, ಬೀದಿಗೆ ಡಾಂಬರು ಹಾಕ್ತಾ ಇದ್ರು. ಬಿಸಿ ಬಿಸಿ, ಕುದೀತಾ ಇದೆ. ಹೊಸ ಕಾರಿನ ಹಾಗಿರೋ ಕಾರು. ಬೇರೆ ಯಾರಾದ್ರೂ ಆಗಿದ್ರೆ ಹಿಂದೆ ಮುಂದೆ ನೋಡ್ತಿದ್ರು. ನಾನು ಲೆಕ್ಕಿಸ್ಲಿಲ್ಲ. ಕಾರು ಹೋದ್ರೆ ಹೋಗ್ಲಿ, ಜೀವ ಮುಖ್ಯ ಅಂದೆ. ಅತ್ತೇನ ಎತ್ತಿ ಹಿಂದಿನ ಸೀಟಲ್ಲಿ ಮಲಗಿಸ್ದೆ, ಡಾಂಬರಿನ ಮೇಲೇ ಬಿಟ್ಟೆ ಗಾಡೀನ. ಹತ್ತು ನಿಮಿಷಕ್ಕೆ ಆಸ್ಪತ್ರೆ. ಆಮೇಲೆ ಮೂರು ವರ್ಷ ಬದುಕಿದ್ರು ನಮ್ಮತ್ತೆ. ಕೊನೇವರೆಗೂ ಈ ಕಾರನ್ನ ನೋಡಿದ್ರೆ ಕೈ ಮುಗೀತಿದ್ರು.”

ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂದಿತ್ತು. ನಿಜವಾದ ನೀರು. ಟೈಲರಮ್ಮ ಅದನ್ನು ನೋಡಿದಳು.

ಪರೀಕ್ಷಕನ ಮನಸ್ಸು ಕರಗಿತ್ತು. ಅಷ್ಟಕ್ಕೂ, ಸೀಟಿನಲ್ಲಿ ನರಪಿಳ್ಳೆ ಕೂತಿಲ್ಲ ಎಂದು ಐದು ನಿಮಿಷದ ಹಿಂದೆ ಆಣೆ ಮಾಡಲು ಹೊರಟವನು ಇವನೇ ಎಂದು ಅವನಿಗೆ ಹೊಳೆಯಲಿಲ್ಲವೋ, ಕೂತದ್ದಲ್ಲ ಮಲಗಿಸಿದ್ದು ಎಂದುಕೊಂಡನೋ. “ಇದನ್ನ ಮೊದ್ಲೇ ಹೇಳ್ಬಾರ್ದಾ ಸಾರ್!” ಎಂದು ಫಾರಂ ತೆಗೆದು ಸರಸರ ಬರೆದುಕೊಂಡ. ಬರೆದು ಮುಗಿಸಿ, ಹಾಳೆಯನ್ನೂ ಪೆನ್ನನ್ನೂ ಟೈಲರಮ್ಮನ ಕಡೆ ಚಾಚಿದ.

“ಕಥೆಗೆ ಮನೆಯವರಲ್ಲಿ ಇನ್ನೊಬ್ಬರು ಸಾಕ್ಷಿ ಹಾಕ್ಬೇಕು ಅಮ್ಮಾ. ನಿಮ್ಮ ತಾಯಿ ವಿಷಯ ಅಲ್ವಾ, ನೀವೇ ಹಾಕಿ. ಇಲ್ಲಿ ಒಂದು ಸೈನು.”

ಉಗ್ರಾಣಿ ಅವಳ ಕಡೆ ನೋಡಿದ. ನೋಟದಲ್ಲಿ ಬೇಡಿಕೆಯೂ ಇತ್ತು, ವ್ಯಾಪಾರವೂ ಇತ್ತು. ಕಣ್ಣಿನಲ್ಲೇ ಕೋಣೆಯ ನಾಲ್ಕೂ ಗೋಡೆ ತೋರಿಸಿದ. ಇದೆಲ್ಲ ನಿಂದು, ಒಂದು ಸೈನು ಹಾಕು.

ಅವಳು ಪೆನ್ನು ತೆಗೆದುಕೊಂಡಳು. ಹಾಕುವವಳೇ ಇದ್ದಳು, ಅದನ್ನು ಮುಚ್ಚಿಡುವುದೇಕೆ? ಕೋಣೆ ಅಷ್ಟು ಬೇಕಾಗಿತ್ತು. ಸತ್ತವಳು ಸತ್ತಳು, ಬದುಕಿದವಳ ಮೊಣಕಾಲು ಬದುಕಬೇಕಲ್ಲ. ಆದರೆ ಹಾಳೆಯ ಮೇಲೆ ‘ಡಾಂಬರು’ ಎಂಬ ಮಾತು ಕಣ್ಣಿಗೆ ಬಿತ್ತು. ಕಾರಿನ ವಿಷಯದಲ್ಲಿ ಎಲ್ಲವನ್ನೂ ಸುಳ್ಳು ಹೇಳಿದವನು ಅದೊಂದನ್ನು ಮಾತ್ರ ನಿಜ ಹೇಳಿದ್ದ.

ಅಂದು ತಾಯಿ ಇವಳನ್ನು ನೋಡಲು ಬಂದು, ಅಂಗಿಯೊಂದಕ್ಕೆ ಗುಂಡಿ ಹಚ್ಚಿಕೊಡುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ಮುಖದ ಒಂದು ಪಕ್ಕ ಜಾರಿತು, ಸೂಜಿ ಕೈಯಿಂದ ಬಿತ್ತು. ಉಗ್ರಾಣಿ ಓಡಿಬಂದದ್ದೂ ನಿಜ, ಕೀಲಿ ತಂದದ್ದೂ ನಿಜ. ಹೊದಿಕೆ ತೆಗೆದ, ಶಟರ್ ಎತ್ತಿದ. ಬೀದಿ ಕಪ್ಪಗೆ ಹೊಳೆಯುತ್ತಿತ್ತು, ಮೂಲೆಯಲ್ಲಿ ರೋಡ್ ರೋಲರು ನಿಂತಿತ್ತು. ಅವನು ಹೊಸಿಲಲ್ಲೇ ನಿಂತುಬಿಟ್ಟ.

“ಒಂದರ್ಧ ಗಂಟೆ ತಡಿಯೇ,” ಎಂದ. “ಸ್ವಲ್ಪ ಆರ್ಲಿ. ಡಾಂಬರು ಹತ್ತಿದ್ರೆ ಹೋಗಲ್ಲ ಕಣೇ, ಪೇಂಟೇ ಕಿತ್ತು ಬರುತ್ತೆ.”

ಅವಳು ಅವನ ಕಾಲು ಹಿಡಿದಿದ್ದಳು. ನಿಜಕ್ಕೂ ನೆಲದ ಮೇಲೆ ಕೂತು, ಎರಡೂ ಕೈಯಿಂದ. ಅವನು ಕಾಲು ಬಿಡಿಸಿಕೊಂಡು, “ಬೇರೆ ಏನಾದ್ರೂ ಗಾಡಿ ಸಿಗುತ್ತೆ ನೋಡು,” ಎಂದು ಶಟರ್ ಅರ್ಧ ಇಳಿಸಿದ, ಬಿಸಿಗೆ ಬಣ್ಣ ಬೆವರುತ್ತದೆಂದು. ಅವಳು ಡಾಂಬರಿನ ಮೇಲೆ ಓಡಿದಳು. ಚಪ್ಪಲಿ ಅಲ್ಲೇ ಅಂಟಿ ಉಳಿಯಿತು, ಅಂಗಾಲು ಬೆಂದಿತು. ಮೂರನೇ ಬೀದಿಯಲ್ಲಿ ಹಾಲಿನ ವ್ಯಾನು ಸಿಕ್ಕಿತು, ಅವನು ಡಾಂಬರಿನ ಮೇಲೇ ಮನೆಯವರೆಗೆ ಗಾಡಿ ತಂದ. ಖಾಲಿ ಕ್ರೇಟುಗಳ ನಡುವೆ, ಹುಳಿತ ಹಾಲಿನ ವಾಸನೆಯಲ್ಲಿ, ತಾಯಿಯನ್ನು ಮಲಗಿಸಿಕೊಂಡು ಹೋದಳು. ಎಂಟು ವರ್ಷದ ಮಗಳು ಅಜ್ಜಿಯ ಕಾಲು ಹಿಡಿದು ಕೂತಿದ್ದಳು. ಇನ್ನೊಂದಿಷ್ಟು ಮುಂಚೆ ತಂದಿದ್ದರೆ ಎಂದರು ಡಾಕ್ಟರು. ಮುಂದಿನ ಮಾತು ಅವರು ಆಡಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಮಾತು.

ತಾಯಿ ಬದುಕಿದಳು, ಬಲಗೈ ಬದುಕಲಿಲ್ಲ, ಮಾತು ಬದುಕಲಿಲ್ಲ. ಮೇಲಿನ ಕೋಣೆಯಲ್ಲಿ ಮಶೀನಿನ ಪಕ್ಕದ ಮಂಚದಲ್ಲಿ ಮೂರು ವರ್ಷ ಮಲಗಿದ್ದಳು. ಕಾರು ನೋಡಿ ಕೈ ಮುಗಿಯುತ್ತಿದ್ದಳಂತೆ! ಯಾವ ಕೈ? ವಾರಕ್ಕೊಮ್ಮೆ ಕೆಳಗೆ ಎಂಜಿನ್ ಹತ್ತಿದಾಗ ಮುಖವನ್ನು ಗೋಡೆಗೆ ತಿರುಗಿಸುತ್ತಿದ್ದಳು, ಸದ್ದು ನಿಂತ ಎಷ್ಟೋ ಹೊತ್ತಿನವರೆಗೆ ಈ ಕಡೆ ತಿರುಗುತ್ತಿರಲಿಲ್ಲ.

ಈ ಇಪ್ಪತ್ತೆರಡು ವರ್ಷದಲ್ಲಿ ಆ ಮಧ್ಯಾಹ್ನದ ವಿಷಯವನ್ನು ಗಂಡ ಹೆಂಡತಿ ಒಂದು ಸಲವೂ ಬಾಯಿಬಿಟ್ಟು ಆಡಿರಲಿಲ್ಲ. ಅವನಿಗೆ ಒಳಗೊಳಗೇ ಕೊರೆಯುತ್ತಿರಬೇಕು, ಅದಕ್ಕೇ ಆಡುವುದಿಲ್ಲ ಎಂದುಕೊಂಡಿದ್ದಳು ಅವಳು. ಅಷ್ಟಾದರೂ ಮನುಷ್ಯತ್ವ ಉಳಿದಿದೆ ಎಂದು ಅದೊಂದು ಮೌನಕ್ಕೆ ಮರ್ಯಾದೆ ಕೊಟ್ಟು ಬಾಳಿದ್ದಳು.

“ಬರ್ಕೊಳ್ಳಿ,” ಎಂದಳು ಪರೀಕ್ಷಕನಿಗೆ.

“ಬರ್ದಾಗಿದೆ ಅಮ್ಮಾ.”

“ಅದನ್ನ ಹೊಡೆದುಹಾಕಿ. ನಾನು ಹೇಳ್ತೀನಿ, ಬರ್ಕೊಳ್ಳಿ.”

ಹೇಳಿದಳು. ದನಿ ಏರಿಸಲಿಲ್ಲ, ಅಳತೆ ಹೇಳುವಾಗಿನ ದನಿಯಲ್ಲೇ ಹೇಳಿದಳು. ಕೀಲಿ, ಶಟರು, ಅರ್ಧ ಗಂಟೆ, ಕಾಲು ಹಿಡಿದದ್ದು, ಹಾಲಿನ ಕ್ರೇಟು, ಗೋಡೆಗೆ ತಿರುಗಿದ ಮುಖ. ಒಂದನ್ನೂ ಬಿಡಲಿಲ್ಲ. ಪರೀಕ್ಷಕ ಜೇಬಿನಿಂದ ಇನ್ನೊಂದು ಪೆನ್ನು ತೆಗೆದು ಮೊದಲು ಬರೆದ, ಆಮೇಲೆ ಬರೆಯುವುದು ನಿಲ್ಲಿಸಿ ಕೇಳಿದ. ಮಗಳು ನಗುವುದನ್ನು ಯಾವಾಗಲೋ ಬಿಟ್ಟಿದ್ದಳು.

ಮಾತು ಮುಗಿದಾಗ ಪರೀಕ್ಷಕ ಉಳಿದದ್ದನ್ನೂ ಬರೆದುಕೊಂಡ. ಉಗ್ರಾಣಿ ತಲೆ ತಗ್ಗಿಸಿ ನಿಂತಿದ್ದ. ಈಗ ಒಂದು ಮಾತು ಆಡುತ್ತಾನೆ ಎಂದು ಅವಳಿಗೆ ಅನ್ನಿಸಿತು. ತಪ್ಪಾಯಿತು ಅನ್ನಲಿ, ಇಲ್ಲವೇ ಅವಳ ಮೇಲೆ ಕೂಗಾಡಲಿ, ಸುಳ್ಳಿ ಎನ್ನಲಿ. ಏನಂದರೂ ಸರಿ. ಇಷ್ಟು ವರ್ಷವಾದ ಮೇಲೂ ಆ ಮನುಷ್ಯನಿಂದ ಏನೋ ಒಂದು ಬರುತ್ತದೆ ಎಂದು ಕಾದಳಲ್ಲ, ಅದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಉಗ್ರಾಣಿ ತಲೆ ಎತ್ತಿದ. ಪರೀಕ್ಷಕನ ಕಡೆ ನೋಡಿ ಕೇಳಿದ:

“ಸಾರ್, ಇದಕ್ಕೂ ಮಾರ್ಕ್ಸ್ ಇದೆಯಾ?”

ಪರೀಕ್ಷಕ ತಡವರಿಸಿದ. “ಕಥೆ ಅಂದ್ರೆ... ಇದೂ ಕಥೆನೇ ಸಾರ್. ನಡೆದದ್ದು. ಒಳ್ಳೇದೇ ಆಗಿರ್ಬೇಕು ಅಂತ ನಿಯಮ ಏನಿಲ್ಲ. ಎಂಟಾದ್ರೂ ಕೊಡಬಹುದು. ಆದ್ರೆ ನೀವು ಒಪ್ಪಿ ಸೈನ್ ಮಾಡ್ಬೇಕಾಗುತ್ತೆ, ಇದು ಫಲಕದ ಮೇಲೆ ಬರುತ್ತೆ. ಜನ ಓದ್ತಾರೆ.”

“ಓದ್ಲಿ ಬಿಡಿ ಸಾರ್,” ಎಂದ ಉಗ್ರಾಣಿ. “ಕಾರನ್ನ ಎಷ್ಟು ಜೋಪಾನ ಮಾಡ್ದೆ ಅನ್ನೋದು ಜನಕ್ಕೆ ಇದ್ರಿಂದ ಇನ್ನೂ ಚೆನ್ನಾಗೇ ಗೊತ್ತಾಗುತ್ತೆ. ಕೊಡಿ ಇಲ್ಲಿ.”

ಪೆನ್ನು ಕೊಡುವವರೆಗೂ ಕಾಯಲಿಲ್ಲ, ಅವಳ ಬೆರಳ ಸಂದಿಯಿಂದಲೇ ಎಳೆದುಕೊಂಡ. ಕಾರಿನ ಮೂತಿಯ ಮೇಲೆ ತನ್ನ ಕರವಸ್ತ್ರ ಹಾಸಿ, ಅದರ ಮೇಲೆ ಫಾರಂ ಇಟ್ಟು, ಎಲ್ಲೂ ಒತ್ತು ಬೀಳದಂತೆ ಹಗುರಾಗಿ ಸಹಿ ಮಾಡಿದ. ಹೆಸರಿನ ಕೆಳಗೆ ಎರಡು ಗೆರೆ ಸಹ ಎಳೆದ. ಆಮೇಲೆ ಹಾಳೆಯನ್ನು ಹೆಂಡತಿಯ ಮುಂದೆ ಹಿಡಿದ.

“ತಗೋ. ಈಗೇನು, ನೀನು ಹೇಳಿದ್ದೇ ಬರ್ದಾಯ್ತಲ್ಲ. ಹಾಕು ಸೈನು. ಕೋಣೆ ನಿಂದು.”

ಅವಳು ಹಾಳೆಯಿಂದ ಕಣ್ಣೆತ್ತಿ ಗಂಡನನ್ನೇ ನೋಡಿದಳು. ಇಷ್ಟು ವರ್ಷ ಅವಳು ಹೇಸಿದ್ದು ಕಾರಿಗೆ. ಅದರ ಪ್ಲಾಸ್ಟಿಕ್ಕಿಗೆ, ಅದರ ಹೊಗೆಗೆ, ಅದರ ನುಸಿಗುಳಿಗೆಯ ನಾತಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಪಾಪ, ತಗಡು ಏನು ಮಾಡಿತ್ತು? ಅದಕ್ಕೆ ಹೋಗಲು ಯಾರಾದರೂ ಹೇಳಿದ್ದರೆ ಹೋಗುತ್ತಿತ್ತು.

“ಬೇಡ,” ಎಂದಳು.

“ಬೇಡ ಅಂದ್ರೆ? ಎಲ್ಲ ನಿಜಾನೇ ಅಲ್ವೇನೇ ಬರ್ದಿರೋದು?”

“ನಿಜ. ಅದಕ್ಕೇ ಬೇಡ.” ಅವಳು ಹಾಳೆಯನ್ನು ಮುಟ್ಟಲಿಲ್ಲ. “ಅವತ್ತು ನಮ್ಮಮ್ಮನ್ನ ಇದ್ರಲ್ಲಿ ಕೂರಿಸ್ಲಿಲ್ಲ ನೀವು. ಇವತ್ತೂ ಬೇಡ. ಅವಳನ್ನ ಇದ್ರ ಜೊತೆ ಗಾಜಿನೊಳಗೆ ನಿಲ್ಸೋಕೆ ನಾನು ಬಿಡಲ್ಲ.”

“ನಿನ್ನ ಕೋಣೆ?” ಉಗ್ರಾಣಿ ಕೊನೆಯ ಅಸ್ತ್ರ ತೆಗೆದ. “ಮೊಣಕಾಲು ಮೊಣಕಾಲು ಅಂತ ಬಡ್ಕೊಳ್ತಿದ್ದೆ! ಯೋಚನೆ ಮಾಡು. ಆಮೇಲೆ ಅತ್ತರೆ ಬರೋದಿಲ್ಲ.”

“ನೀವೇ ಇಟ್ಕೊಳ್ಳಿ.”

ಉಗ್ರಾಣಿ ಮಗಳ ಕಡೆ ತಿರುಗಿದ. “ನೀನು ಹಾಕಮ್ಮ. ನೀನೂ ಅಲ್ಲೇ ಇದ್ದೆ. ನಿಂಗೂ ನೆನಪಿದೆ ತಾನೇ?”

“ನೆನಪಿದೆ ಅಪ್ಪಾ,” ಎಂದಳು ಮಗಳು. “ಅಜ್ಜಿ ಕಾಲು ತಣ್ಣಗಿತ್ತು.” ಹಾಳೆಗೆ ಕೈ ಚಾಚಲಿಲ್ಲ.

ಪರೀಕ್ಷಕ ಟಾರ್ಚನ್ನೂ ಅಯಸ್ಕಾಂತವನ್ನೂ ಜೇಬಿಗೆ ಹಾಕಿಕೊಂಡ. ಎಪ್ಪತ್ತೈದು ಎಂದು ಫಾರಮ್ಮಿನ ಮೂಲೆಯಲ್ಲಿ ಬರೆದು, ಯಾರ ಮುಖವನ್ನೂ ನೋಡದೆ ಶಟರ್ ಕೆಳಗೆ ತಲೆ ಬಗ್ಗಿಸಿ ಹೊರಟುಹೋದ. ಉಗ್ರಾಣಿ, “ಸಾರ್, ಒಂದ್ನಿಮಿಷ, ಸಾರ್, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಾ ಸಾರ್?” ಎನ್ನುತ್ತಾ ಬೀದಿಯವರೆಗೆ ಹಿಂದೆ ಓಡಿದ.

ಟೈಲರಮ್ಮ ಮೇಲೆ ಹೋಗಲಿಲ್ಲ. ಇದ್ದ ಸೀರೆಯಲ್ಲೇ, ಹೆಗಲ ಮೇಲಿನ ಅಳತೆ ಟೇಪನ್ನೂ ತೆಗೆಯದೆ, ಬೀದಿಗೆ ಇಳಿದು ಮಗಳ ವ್ಯಾನಿನ ಬಾಗಿಲು ತೆಗೆದಳು. ಒಳಗೆ ಯಾವುದೋ ಮಗು ವಾಂತಿ ಮಾಡಿ ಒರೆಸಿದ ವಾಸನೆ, ಸೀಟಿನ ಮೇಲೆ ಬಿಸ್ಕತ್ತಿನ ಪುಡಿ, ಕಿಟಕಿಯ ತುಂಬಾ ಅಂಟು ಕೈಗಳ ಗುರುತು. ಅವಳು ಪುಡಿ ಕೊಡವದೆ ಕೂತಳು.

ಮಗಳು ಬಂದು ಸ್ಟಿಯರಿಂಗ್ ಹಿಂದೆ ಕೂತಳು.

“ಎಲ್ಲಿಗಮ್ಮ?”

“ನಿಮ್ಮ ಬೀದಿ ಕಡೆ ನಡಿ. ಕೆಳಗಿನ ಕೋಣೆ ಎಲ್ಲಾದ್ರೂ ಬಾಡಿಗೆಗಿದ್ರೆ ನೋಡೋಣ. ಕಿಟಕಿ ದೊಡ್ಡದಿರ್ಬೇಕು.”

ಮಗಳು ಕೀಲಿ ತಿರುಗಿಸಲಿಲ್ಲ. ತಾಯಿಯ ಮುಖವನ್ನೇ ನೋಡಿದಳು.

“ಮಶೀನು ಇಡೋಕಾ, ನೀನಿರೋಕಾ?”

ಶಟರಿನ ಹತ್ತಿರ ಉಗ್ರಾಣಿ ಬಗ್ಗಿ, ಪರೀಕ್ಷಕನ ಬೂಟಿನಿಂದ ಹೊಸಿಲ ಮೇಲೆ ಬಿದ್ದಿದ್ದ ಮಣ್ಣನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ.

“ಮೊದ್ಲು ಮಶೀನು,” ಎಂದಳು ಟೈಲರಮ್ಮ.